ರಕ್ತಪಿಶಾಚಿ ಪುಸ್ತಕದ ಜಾತ್ರೆಗೆ ಹೋದದ್ದು

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸು ನಿಂತು ಇಪ್ಪತ್ತು ನಿಮಿಷ ಆಗಿತ್ತು. ಹೊರಗೆ ಮಳೆ. ಒಳಗೆ ನಾನು, ಕೈಯಲ್ಲಿ ಹಳೇ ಪುಸ್ತಕದಂಗಡಿಯಲ್ಲಿ ಅರವತ್ತು ರೂಪಾಯಿಗೆ ಸಿಕ್ಕಿದ ಒಂದು ಇಂಗ್ಲಿಷ್ ಪೇಪರ್‌ಬ್ಯಾಕು. ಮುಖಪುಟ ಪಕ್ಕದವರ ಕಣ್ಣಿಗೆ ಬೀಳಬಾರದು ಅಂತ ಆಫೀಸಿನ ಒಂದು ಪ್ರಿಂಟ್‌ಔಟನ್ನು ಅದಕ್ಕೆ ಬೈಂಡು ಹಾಕಿದ್ದೆ. ಯಾಕೆಂದರೆ ಅದು ರೊಮ್ಯಾನ್ಸ್ ಕಾದಂಬರಿ. ಅದರಲ್ಲೂ ರಕ್ತಪಿಶಾಚಿಯ ರೊಮ್ಯಾನ್ಸು. ಗಡ್ಡ ಬಿಟ್ಟ, ಇಂಜಿನಿಯರಿಂಗ್ ಓದಿದ ಗಂಡಸೊಬ್ಬ ಬಸ್ಸಲ್ಲಿ ಕೂತು ಓದೋ ಅಂಥದ್ದಲ್ಲ ಅನ್ನೋ ಭಾವನೆ ನನಗೆ.

ಹತ್ತನೇ ಪುಟಕ್ಕೆ ಬರುವಷ್ಟರಲ್ಲಿ ಜೋರಾಗಿ ನಕ್ಕುಬಿಟ್ಟೆ. ಕಂಡಕ್ಟರು ತಿರುಗಿ ನೋಡಿದ. ಮಾನ ಹೋಯ್ತು.

ಪುಸ್ತಕದ ಹೆಸರು 'ಸಿಂಗಲ್ ವೈಟ್ ವ್ಯಾಂಪೈರ್', ಬರೆದದ್ದು ಕೆನಡಾದ ಲಿನ್ಸೇ ಸ್ಯಾಂಡ್ಸ್, ಬಂದದ್ದು 2003ರಲ್ಲಿ. ಕಥಾನಾಯಕ ಲೂಸರ್ನ್ ಆರ್ಜೆನೋ, ಶತಮಾನಗಳಿಂದ ಬದುಕಿರುವ ರಕ್ತಪಿಶಾಚಿ, ಟೊರಾಂಟೋದಲ್ಲಿ ವಾಸ. ಮಹಾ ಗಂಭೀರ ಮನುಷ್ಯ, ಅಲ್ಲಲ್ಲ, ಗಂಭೀರ ಪಿಶಾಚಿ. ಆತ ತನ್ನ ಮನೆತನದವರ ಮದುವೆಯ ಕಥೆಗಳನ್ನು ಇತಿಹಾಸ ಅಂತ ತಿಳಿದು ಬರೆದುಕೊಟ್ಟಿದ್ದಾನೆ. ಪ್ರಕಾಶಕರು ಅದನ್ನು ಪ್ರೇಮ ಕಾದಂಬರಿ ಅಂತ ಅಚ್ಚು ಹಾಕಿಬಿಟ್ಟಿದ್ದಾರೆ. ಪುಸ್ತಕಗಳು ಬಿಸಿ ಬೋಂಡಾದ ಹಾಗೆ ಖರ್ಚಾಗುತ್ತಿವೆ. ಅಭಿಮಾನಿಗಳಿಗೆ ಲೇಖಕನನ್ನು ನೋಡುವ ಆಸೆ. ಸಂಪಾದಕಿ ಪತ್ರದ ಮೇಲೆ ಪತ್ರ ಬರೆಯುತ್ತಾಳೆ, ಬರುವ ಉತ್ತರ ಒಂದೇ ಪದ: ಆಗಲ್ಲ. ಕೊನೆಗೆ ಅವಳೇ ನ್ಯೂಯಾರ್ಕಿನಿಂದ ಹೊರಟು ಅವನ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ನಯವಾಗಿ ಟೋಪಿ ಹಾಕಿ, ಅವನನ್ನು 'ರೊಮ್ಯಾಂಟಿಕ್ ಟೈಮ್ಸ್' ಅನ್ನೋ ಪತ್ರಿಕೆಯವರ ಸಮಾವೇಶಕ್ಕೆ ಎಳೆದುಕೊಂಡು ಹೋಗುತ್ತಾಳೆ. ಅಲ್ಲಿ ಸಾವಿರಾರು ಓದುಗರ ನಡುವೆ, ಹಳೇ ಕಾಲದ ವೇಷ ಹಾಕಿ ನಡೆಸುವ ನೃತ್ಯಕೂಟದಲ್ಲಿ, ನಿಜವಾಗಿಯೂ ಆ ಕಾಲದಲ್ಲಿ ಬದುಕಿದ್ದ ಒಬ್ಬ ಪಿಶಾಚಿ ಪಡುವ ಪಾಡು... ಮುಂದಿನದು ನೀವೇ ಓದಿಕೊಳ್ಳಿ.

ಓದಿ ಮುಗಿಸಿದ ಮೇಲೆ ಅಂಥ ಸಮಾವೇಶ ನಿಜಕ್ಕೂ ಇತ್ತಾ ಅಂತ ಒಂದು ಹುಳ ತಲೆಗೆ ಹೊಕ್ಕಿತು. ಆ ಹುಳದ ಹಿಂದೆ ಹೋಗಿ ಎರಡು ವಾರಾಂತ್ಯ ಕಳೆದೆ. ಅದರ ಫಲ ಈ ಕೊರೆತ. ತಾಳ್ಮೆ ಇರಲಿ :-)

ಇತ್ತು ಮಾರಾಯ್ರೆ, ಇತ್ತು! ಕ್ಯಾಥರಿನ್ ಫಾಕ್ ಅನ್ನೋ ಮಹಿಳೆ 1981ರಲ್ಲಿ ನ್ಯೂಯಾರ್ಕಿನಲ್ಲಿ 'ರೊಮ್ಯಾಂಟಿಕ್ ಟೈಮ್ಸ್' ಪತ್ರಿಕೆ ಶುರು ಮಾಡಿದರು. ಅಮೆರಿಕದ ದೊಡ್ಡ ಪತ್ರಿಕೆಗಳು ಪ್ರೇಮ ಕಾದಂಬರಿಗಳನ್ನು ವಿಮರ್ಶೆಗೆ ಎತ್ತಿಕೊಳ್ಳೋದೇ ಅಪರೂಪವಾಗಿದ್ದ ಕಾಲ ಅದು. ಲಕ್ಷಗಟ್ಟಲೆ ಖರ್ಚಾಗುವ ಪುಸ್ತಕಗಳು, ಆದರೆ ಯಾವುದು ಚೆನ್ನಾಗಿದೆ, ಯಾವುದು ಇಲ್ಲ ಅಂತ ಹೇಳುವವರಿಲ್ಲ. ಮರುವರ್ಷ, 1982ರಲ್ಲಿ, ಓದುಗರು ಮತ್ತು ಲೇಖಕಿಯರನ್ನು ಒಂದೇ ಸೂರಿನಡಿ ಕೂಡಿಸಿ ಮೊದಲ ಸಮಾವೇಶ ಆಯಿತು. 1983ರಲ್ಲಂತೂ ಲೇಖಕಿಯರು, ಓದುಗರು ಎಲ್ಲ ಸೇರಿ ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿಗೆ 'ಲವ್ ಟ್ರೈನ್' ಅಂತ ರೈಲಿನಲ್ಲೇ ಹೋದರು. ಜಾರ್ಜ್ ಪಾಲ್ ಚಿಚೆರಿ ಆ ಪಯಣದ ಬೆನ್ನು ಹತ್ತಿ ತೆಗೆದ 'ವೇರ್ ದ ಹಾರ್ಟ್ ರೋಮ್ಸ್' ಅನ್ನೋ ಸಾಕ್ಷ್ಯಚಿತ್ರ ಇದೆ. ಮುಂದೆ ಈ ಸಮಾವೇಶದಲ್ಲಿ ಮುಖಪುಟಕ್ಕೆ ಪೋಸು ಕೊಡುವ ಗಂಡಸರ ಸ್ಪರ್ಧೆ ಬಂತು. ಹೀದರ್ ಗ್ರಹಾಂ ಎಂಬ ಜನಪ್ರಿಯ ಲೇಖಕಿ ವರ್ಷಗಟ್ಟಲೆ ನಡೆಸಿದ ಪಿಶಾಚಿ ವೇಷದ ಔತಣಕೂಟ, ನಾಟಕಗಳೂ ಸೇರಿಕೊಂಡವು. ಅಂದರೆ ಲಿನ್ಸೇ ಸ್ಯಾಂಡ್ಸ್ ಹೆಚ್ಚೇನೂ ಕಲ್ಪನೆ ಮಾಡಬೇಕಾಗಿರಲಿಲ್ಲ. ಸುಳ್ಳು ಪಿಶಾಚಿಗಳು ಅಲ್ಲಿ ಆಗಲೇ ಇದ್ದವು. ಒಂದು ನಿಜವಾದದ್ದನ್ನು ಸೇರಿಸಿದರೆ ಸಾಕಿತ್ತು.

ಇರಲಿ, ಸ್ವಲ್ಪ ಹಿಂದಕ್ಕೆ ಹೋಗೋಣ. ಪುಸ್ತಕದವರಿಗೆ ಈ ಜಾತ್ರೆಯ ಹುಚ್ಚು ಹತ್ತಿದ್ದು ಯಾವಾಗ?

ಅಚ್ಚಿನ ಪುಸ್ತಕ ಹುಟ್ಟಿದಾಗಲೇ. ಗುಟೆನ್‌ಬರ್ಗ್ ಇದ್ದ ಮೈಂಜ್ ಊರು ಫ್ರಾಂಕ್‌ಫರ್ಟಿಗೆ ಹತ್ತಿರ. ಫ್ರಾಂಕ್‌ಫರ್ಟಿನಲ್ಲಿ ಅದಕ್ಕೂ ಮುಂಚಿನಿಂದ ದೊಡ್ಡ ವ್ಯಾಪಾರದ ಸಂತೆ ನಡೆಯುತ್ತಿತ್ತು. ಮುಂದೆ ಪೋಪ್ ಆದ ಇಟಲಿಯ ಪಿಕೊಲೊಮಿನಿ 1455ರಲ್ಲಿ ಬರೆದ ಒಂದು ಪತ್ರ ಉಳಿದುಬಂದಿದೆ. ಹಿಂದಿನ ವರ್ಷ ತಾನು ಫ್ರಾಂಕ್‌ಫರ್ಟಿನಲ್ಲಿ ಬೈಬಲ್ಲಿನ ಅಚ್ಚಾದ ಹಾಳೆಗಳನ್ನು ನೋಡಿದೆ, ಕನ್ನಡಕ ಇಲ್ಲದೆ ಓದುವಷ್ಟು ಸ್ಪಷ್ಟವಾಗಿದ್ದವು, ಪುಸ್ತಕ ಪೂರ್ತಿಯಾಗುವ ಮೊದಲೇ ಕೊಳ್ಳುವವರು ಸಿದ್ಧರಿದ್ದರಂತೆ ಅನ್ನೋದು ಅದರ ಸಾರಾಂಶ. ಗಮನಿಸಿ: ಪೂರ್ತಿ ಪುಸ್ತಕ ಇನ್ನೂ ಬಂದಿಲ್ಲ, ನಾಲ್ಕು ಹಾಳೆ ತೋರಿಸಿ ಆಸೆ ಹುಟ್ಟಿಸಿದ್ದಾರೆ! ಇವತ್ತು ಪ್ರಕಾಶಕರು ಬಿಡುಗಡೆಗೆ ತಿಂಗಳುಗಳ ಮುಂಚೆ ಅಂಗಡಿಯವರಿಗೂ ವಿಮರ್ಶಕರಿಗೂ ಹಂಚುವ ಮುಂಗಡ ಪ್ರತಿ, ಅಂದರೆ ಗ್ಯಾಲಿ, ಅದರ ಮುತ್ತಜ್ಜ ಇದೇ ಅಂತ ನನ್ನ ಅಂಬೋಣ. 1564ರಲ್ಲಿ ಆಗ್ಸ್‌ಬರ್ಗಿನ ಗೇಯೋರ್ಗ್ ವಿಲ್ಲರ್ ಎಂಬ ಪುಸ್ತಕ ವ್ಯಾಪಾರಿ ಆ ಸಂತೆಗೆ ಬಂದ ಪುಸ್ತಕಗಳ ಪಟ್ಟಿಯನ್ನೇ ಅಚ್ಚು ಹಾಕಿಸಿದ. ಆಮೇಲೆ ಲೈಪ್‌ಜಿಗ್ ಮೇಲುಗೈ ಪಡೆಯಿತು, ಫ್ರಾಂಕ್‌ಫರ್ಟ್ ಕಳೆಗುಂದಿತು, ಎರಡನೇ ಮಹಾಯುದ್ಧದ ನಂತರ 1949ರಲ್ಲಿ ಮತ್ತೆ ಎದ್ದು ನಿಂತಿತು. ಅದರದ್ದೇ ಒಂದು ದೊಡ್ಡ ಪುರಾಣ, ಇನ್ನೊಮ್ಮೆ ಬರೆಯುವೆ.

ಅಮೆರಿಕದ ಕಥೆ ಬೇರೆ. ಅಲ್ಲಿನ ಪುಸ್ತಕ ವ್ಯಾಪಾರಿಗಳ ಸಂಘ ಹುಟ್ಟಿದ್ದು 1900ರಲ್ಲಿ. ಪ್ರಕಾಶಕರ ಮಳಿಗೆಗಳನ್ನೂ ಸೇರಿಸಿ ಸಮ್ಮೇಳನವನ್ನು ಜಾತ್ರೆಯಾಗಿಸಿದ್ದು 1947ರಲ್ಲಿ, ವಾಷಿಂಗ್ಟನ್ನಿನ ಶೋರ್‌ಹ್ಯಾಮ್ ಹೋಟೆಲಿನಲ್ಲಿ. ಎಲ್ಲಿ ಗೊತ್ತಾ? ಹೋಟೆಲಿನ ಕಾರ್ ನಿಲ್ಲಿಸುವ ಗ್ಯಾರೇಜಿನಲ್ಲಿ! 1990ರ ದಶಕದಲ್ಲಿ ಅದಕ್ಕೆ 'ಬುಕ್‌ಎಕ್ಸ್‌ಪೋ ಅಮೆರಿಕ' ಅಂತ ನಾಮಕರಣ ಆಯಿತು. ಕೊನೆಯ ವರ್ಷಗಳಲ್ಲಿ ಬಹುಪಾಲು ನ್ಯೂಯಾರ್ಕಿನ ಜಾವಿಟ್ಸ್ ಸೆಂಟರಿನಲ್ಲಿ ನಡೆಯುತ್ತಿತ್ತು. ಬಂದವರು ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡು ಮಳಿಗೆಯಿಂದ ಮಳಿಗೆಗೆ ಅಲೆದು ಗ್ಯಾಲಿ ತುಂಬಿಸಿಕೊಳ್ಳೋದು, ಆಮೇಲೆ ಭಾರ ಹೊರಲಾರದೆ ಒದ್ದಾಡೋದು. ಮದುವೆ ಮನೆಯಲ್ಲಿ ತಾಂಬೂಲದ ಚೀಲಕ್ಕೆ ಮುಗಿಬಿದ್ದ ಹಾಗೆ.

ಇಷ್ಟೆಲ್ಲ ಯಾಕೆ ಬೇಕು? ಪಟ್ಟಿ ಕಳಿಸಿದರೆ ಆಗಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಉತ್ತರ ಸಿಕ್ಕಿದ್ದು ಈ ನಗೆಪಿಶಾಚಿಗಳ ಚರಿತ್ರೆಯಲ್ಲಿ.

ಷಾರ್ಲೇನ್ ಹ್ಯಾರಿಸ್ ಅವರ 'ಡೆಡ್ ಅಂಟಿಲ್ ಡಾರ್ಕ್' ತೆಗೆದುಕೊಳ್ಳಿ. ಜಪಾನಿನವರು ಕೃತಕ ರಕ್ತ ಕಂಡುಹಿಡಿದಿದ್ದಾರೆ, ಅದು ಬಾಟಲಿಯಲ್ಲಿ ಸಿಗುತ್ತದೆ, ಹಾಗಾಗಿ ಪಿಶಾಚಿಗಳು ಬಚ್ಚಿಟ್ಟುಕೊಳ್ಳೋದು ಬಿಟ್ಟು ನಾಗರಿಕರ ಹಾಗೆ ಓಡಾಡಿಕೊಂಡಿವೆ. ಅಮೆರಿಕದ ಲೂಯಿಸಿಯಾನದ ಹಳ್ಳಿಯೊಂದರ ಬಾರಿನಲ್ಲಿ ಕೆಲಸ ಮಾಡುವ ಸೂಕಿ ಎಂಬ ಹುಡುಗಿ ನಾಯಕಿ. ಅವಳಿಗೆ ಬೇರೆಯವರ ಮನಸ್ಸಿನಲ್ಲಿರೋದು ಕೇಳಿಸುತ್ತದೆ, ಪಿಶಾಚಿಯ ಮನಸ್ಸು ಮಾತ್ರ ಕೇಳಿಸಲ್ಲ. ಅಬ್ಬಾ, ಎಂಥ ನೆಮ್ಮದಿ ಅಂತ ಅವನನ್ನೇ ಪ್ರೀತಿಸುತ್ತಾಳೆ. ಆ ಭಯಂಕರ ಪಿಶಾಚಿಯ ಹೆಸರೇನು? ಬಿಲ್! ಡ್ರಾಕುಲಾ ಇಲ್ಲ, ರುತ್‌ವೆನ್ ಇಲ್ಲ, ಬರೀ ಬಿಲ್. ನಮ್ಮಲ್ಲಿ ಬ್ರಹ್ಮರಾಕ್ಷಸನಿಗೆ ಸುರೇಶ ಅಂತ ಹೆಸರಿಟ್ಟ ಹಾಗೆ.

ಈ ಪುಸ್ತಕ ಮಾರಾಟ ಮಾಡೋಕೆ ಅವರ ಏಜೆಂಟರಿಗೆ ಸುಮಾರು ಎರಡು ವರ್ಷ ಹಿಡಿಯಿತು. ಕೊಲೆ ಇದೆ, ಹಾಗಾದರೆ ಪತ್ತೇದಾರಿಯಾ? ಪಿಶಾಚಿ ಇದೆ, ಭಯಾನಕವಾ? ಪ್ರೀತಿ ಇದೆ, ರೊಮ್ಯಾನ್ಸಾ? ನಗಿಸುತ್ತೆ ಬೇರೆ! ಅಂಗಡಿಯಲ್ಲಿ ಯಾವ ಕಪಾಟಿನಲ್ಲಿ ಇಡೋದು? ಕೊನೆಗೆ ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿಗೆ ಹೆಸರಾದ 'ಏಸ್' ಅದನ್ನು 2001ರಲ್ಲಿ ತಂದಿತು. ಅದಕ್ಕೆ ಬಂದ ಬಹುಮಾನವೋ ಪತ್ತೇದಾರಿ ಸಾಹಿತ್ಯದ ಆಂಥೊನಿ ಪ್ರಶಸ್ತಿ, ಅದೂ ಪತ್ತೇದಾರಿ ಓದುಗರ ವಾರ್ಷಿಕ ಸಮಾವೇಶವಾದ ಬೌಚರ್‌ಕಾನ್‌ನಲ್ಲಿ, ಅಲ್ಲಿ ಸೇರುವವರೇ ಮತ ಹಾಕಿ ಕೊಡುವಂಥದ್ದು. ಕಪಾಟಿಗೆ ಗೊತ್ತಾಗದ ಪುಸ್ತಕ ಜಾತ್ರೆಗೆ ಗೊತ್ತಾಯಿತು. ಮುಂದೆ 2008ರಿಂದ 2014ರವರೆಗೆ ಟೀವಿಯಲ್ಲಿ 'ಟ್ರೂ ಬ್ಲಡ್' ಆಗಿ ಓಡಿದ್ದು ಇದೇ ಕಥೆ.

ಕಪಾಟಿನ ಸಮಸ್ಯೆ ಸಣ್ಣದಲ್ಲ. ಅಮೆರಿಕದಲ್ಲಿ ಖರ್ಚಾಗದ ಪುಸ್ತಕವನ್ನು ಅಂಗಡಿಯವರು ವಾಪಸು ಮಾಡಬಹುದು. ಅಗ್ಗದ ಪೇಪರ್‌ಬ್ಯಾಕಾದರೆ ಪುಸ್ತಕವನ್ನೂ ಕಳಿಸಬೇಕಿಲ್ಲ, ಮುಖಪುಟ ಹರಿದು ಕಳಿಸಿದರೆ ದುಡ್ಡು ವಾಪಸು, ಉಳಿದದ್ದು ರದ್ದಿಗೆ. ಹಾಗಾಗಿ ಹೊಸ ಪುಸ್ತಕಕ್ಕೆ ಸಿಗೋದು ಕೆಲವೇ ವಾರಗಳ ಆಯಸ್ಸು. ಅಷ್ಟರೊಳಗೆ ಯಾರಾದರೂ ಎತ್ತಿ ಇನ್ನೊಬ್ಬರ ಕೈಗಿಟ್ಟು "ರೀ, ಇದನ್ನ ಓದ್ರೀ, ನಗು ತಡೆಯೋಕಾಗಲ್ಲ" ಅನ್ನಬೇಕು. ನಗುವಿನ ಪುಸ್ತಕದ ವಿಷಯದಲ್ಲಂತೂ ಬೇರೆ ದಾರಿಯೇ ಇಲ್ಲ. ಜೋಕನ್ನು ವಿವರಿಸಿ ಜಾಹೀರಾತು ಬರೆದರೆ ಅದು ಸತ್ತೇಹೋಗುತ್ತದೆ. ಎದುರಿಗೆ ನಿಂತು ನಗುತ್ತಿರುವ ಮನುಷ್ಯನೇ ಜಾಹೀರಾತು.

ಮೇರಿಜಾನಿಸ್ ಡೇವಿಡ್‌ಸನ್ ಕಥೆಯೂ ಇಂಥದ್ದೇ. ಅವರ 'ಅನ್‌ಡೆಡ್ ಅಂಡ್ ಅನ್‌ವೆಡ್' ಮೊದಲು ಬಂದದ್ದು ಇ-ಪುಸ್ತಕವಾಗಿ, ಇ-ಪುಸ್ತಕ ಅಂದರೆ ಜನ ಮೂಗು ಮುರಿಯುತ್ತಿದ್ದ ಕಾಲದಲ್ಲಿ. 2004ರಲ್ಲಿ ಬರ್ಕ್ಲಿ ಪ್ರಕಾಶನ ಅದನ್ನು ಕಾಗದದ ಮೇಲೆ ತಂದಿತು. ನಾಯಕಿ ಬೆಟ್ಸಿ ಮಿನೆಸೋಟದವಳು. ಕೆಲಸ ಕಳಕೊಂಡು, ಕಾರಿಗೆ ಸಿಕ್ಕಿ ಸತ್ತು, ಶವಾಗಾರದಲ್ಲಿ ಎದ್ದು ಕೂರುತ್ತಾಳೆ. ಎದ್ದವಳ ದೊಡ್ಡ ಸಂಕಟ ತಾನು ಸತ್ತೆ ಅನ್ನೋದಲ್ಲ, ತನ್ನ ಕಾಲಿಗೆ ಯಾರೋ ಅಗ್ಗದ ಚಪ್ಪಲಿ ತೊಡಿಸಿದ್ದಾರೆ ಅನ್ನೋದು! ಕೆರಲಿನ್ ಸ್ಪಾರ್ಕ್ಸ್ 2005ರಲ್ಲಿ ಬರೆದ 'ಹೌ ಟು ಮ್ಯಾರಿ ಎ ಮಿಲಿಯನೇರ್ ವ್ಯಾಂಪೈರ್'ನಲ್ಲಿ ಪಿಶಾಚಿಯ ಕೋರೆಹಲ್ಲು ಕಿತ್ತುಬರುತ್ತದೆ, ಅರ್ಧರಾತ್ರಿಯಲ್ಲಿ ದಂತವೈದ್ಯೆಯನ್ನು ಹುಡುಕಿಕೊಂಡು ಹೋಗುತ್ತಾನೆ. ಆ ವೈದ್ಯೆಗೋ ರಕ್ತ ಕಂಡರೆ ತಲೆ ತಿರುಗುತ್ತದೆ. ಮೋಲಿ ಹಾರ್ಪರ್ ಅವರ 2009ರ ಕಾದಂಬರಿಯಲ್ಲಿ ಕೆಲಸ ಹೋದ ಲೈಬ್ರರಿಯನ್ ಒಬ್ಬಳನ್ನು ಕುಡುಕನೊಬ್ಬ ಜಿಂಕೆ ಅಂದುಕೊಂಡು ಗುಂಡು ಹೊಡೆಯುತ್ತಾನೆ. ಅಲ್ಲಿಂದ ಅವಳ ಪಿಶಾಚಿ ಜೀವನ ಶುರು. ಇವರಿಗೂ ಮುಂಚೆ, 1995ರಲ್ಲೇ, ಕ್ರಿಸ್ಟೋಫರ್ ಮೂರ್ 'ಬ್ಲಡ್‌ಸಕಿಂಗ್ ಫೀಂಡ್ಸ್' ಬರೆದಿದ್ದರು. ಗಂಡಸು ಬರೆದದ್ದು ಅಂತಲೋ ಏನೋ, ಅದನ್ನು ರೊಮ್ಯಾನ್ಸ್ ಕಪಾಟಿನಲ್ಲಿ ಇಡಲಿಲ್ಲ. ಪುಸ್ತಕದ ಉಪಶೀರ್ಷಿಕೆಯೇ 'ಒಂದು ಪ್ರೇಮಕಥೆ' ಅಂತ ಇದ್ದರೂ! ಇದು ನನಗೆ ಯಾಕೋ ಚುಚ್ಚಿತು.

ಇದೆಲ್ಲ ಈಗಿನವರ ಕಿತಾಪತಿ, ಹಿಂದಿನ ಪಿಶಾಚಿಗಳು ಗಂಭೀರವಾಗಿದ್ದವು ಅಂದುಕೊಂಡಿದ್ದರೆ ತಪ್ಪು. ಇಂಗ್ಲಿಷ್ ಸಾಹಿತ್ಯದ ಮೊದಲ ದೊಡ್ಡ ರಕ್ತಪಿಶಾಚಿ ಲಾರ್ಡ್ ರುತ್‌ವೆನ್, ಬರೆದದ್ದು ಕವಿ ಬೈರನ್ನನ ವೈದ್ಯನಾಗಿದ್ದ ಜಾನ್ ಪೊಲಿಡೊರಿ. 1819ರ ಏಪ್ರಿಲ್ 1ರಂದು ಪತ್ರಿಕೆಯಲ್ಲಿ ಬಂತು, ಬೈರನ್ನನ ಹೆಸರಿನಲ್ಲಿ! ನಾನು ಬರೆದಿಲ್ಲ ಅಂತ ಬೈರನ್ನು, ಅದು ನನ್ನದು ಅಂತ ಪೊಲಿಡೊರಿ. ಪಾಪ, ಪೊಲಿಡೊರಿ 25ನೇ ವಯಸ್ಸಿಗೆ ತೀರಿಕೊಂಡ. ಮರುವರ್ಷವೇ ಪ್ಯಾರಿಸ್ಸಿನಲ್ಲಿ ಇದು ನಾಟಕವಾಯಿತು. ಬೆನ್ನಲ್ಲೇ, ಅದೇ 1820ರಲ್ಲಿ, ಸ್ಕ್ರೀಬ್ ಮತ್ತು ಮೆಲೆಸ್‌ವಿಲ್ ಎಂಬ ಜೋಡಿ ಹಾಸ್ಯದ 'ವ್ಯಾಂಪೈರ್' ಬರೆದು ಆಡಿಸಿತು. ಹೆದರಿಸೋದಕ್ಕೂ ನಗಿಸೋದಕ್ಕೂ ಮಧ್ಯೆ ಹೋದದ್ದು ಸ್ವಲ್ಪವೇ ಸಮಯ.

ಲಂಡನ್ನಿನಲ್ಲಿ ಆದದ್ದು ಇನ್ನೂ ಮಜವಾಗಿದೆ. ಪ್ಲಾಂಷೆ ಅನ್ನೋ ನಾಟಕಕಾರನಿಗೆ ಆ ಫ್ರೆಂಚ್ ನಾಟಕವನ್ನು ಇಂಗ್ಲಿಷಿಗೆ ಹೊಂದಿಸುವ ಕೆಲಸ ಬಂತು. ಕಥೆ ಸ್ಕಾಟ್‌ಲೆಂಡಿನಲ್ಲಿ ನಡೆಯಬೇಕು ಅಂತ ಕಂಪನಿ ಮ್ಯಾನೇಜರನ ಹಠ. ಸ್ಕಾಟ್‌ಲೆಂಡಿಗೂ ರಕ್ತಪಿಶಾಚಿಗೂ ಏನು ಸಂಬಂಧ ಸ್ವಾಮಿ ಅಂತ ಪ್ಲಾಂಷೆ ಕೇಳಿದರೆ ಮ್ಯಾನೇಜರ್ ಬಗ್ಗಲಿಲ್ಲ. ಕಾರಣ? ಕಂಪನಿಯ ಪೆಟ್ಟಿಗೆಯಲ್ಲಿ ಸ್ಕಾಟಿಷ್ ಉಡುಪುಗಳು ಇದ್ದವು! ಹಾಗೆ 1820ರಲ್ಲಿ ಲಂಡನ್ನಿನ ಜನ ನೋಡಿದ್ದು ಸ್ಕಾಟ್‌ಲೆಂಡಿನ ರಕ್ತಪಿಶಾಚಿಯನ್ನು. ಕ್ಲೈಂಟ್ ಏನೇ ಕೇಳಲಿ, ನಮ್ಮ ಹತ್ತಿರ ರೆಡಿ ಇರುವ ಕೋಡನ್ನೇ ಅಂಟಿಸೋದು ಸಾಫ್ಟ್‌ವೇರಿನವರ ಕಂಡುಹಿಡಿತ ಅಂದುಕೊಂಡಿದ್ದೆ. ಆ ನಾಟಕಕ್ಕಾಗಿ ರಂಗದ ನೆಲದಲ್ಲಿ ಸ್ಪ್ರಿಂಗ್ ಹಾಕಿದ ಎರಡು ರೆಕ್ಕೆಯ ಕಳ್ಳಬಾಗಿಲು ಮಾಡಿದರು. ನಟ ಅದರ ಮೇಲೆ ಬಿದ್ದರೆ ತೆರೆದು, ತಕ್ಷಣ ಮುಚ್ಚಿಕೊಳ್ಳುವುದು, ಗಟ್ಟಿ ನೆಲದೊಳಗೆ ದೇಹ ಕರಗಿಹೋದಂತೆ ಕಾಣುವುದು. ರಂಗಭೂಮಿಯವರು ಅದನ್ನು ಇಂದಿಗೂ 'ವ್ಯಾಂಪೈರ್ ಟ್ರ್ಯಾಪ್' ಅಂತಲೇ ಕರೆಯುತ್ತಾರೆ. ಮರುವರ್ಷ ಅದೇ ಪ್ಲಾಂಷೆ ತನ್ನದೇ ಪಿಶಾಚಿಯನ್ನು ಲೇವಡಿ ಮಾಡುವ 'ಜಿಯೊವಾನಿ ದ ವ್ಯಾಂಪೈರ್' ಬರೆದ. ಆ ನಾಟಕಶಾಲೆ ಇದ್ದ ಜಾಗದಲ್ಲೇ ಆಮೇಲೆ ಎದ್ದ ಲೈಸಿಯಂ ಥಿಯೇಟರಿನ ವ್ಯವಸ್ಥಾಪಕನಾಗಿ ವರ್ಷಗಟ್ಟಲೆ ದುಡಿದವನು ಬ್ರಾಮ್ ಸ್ಟೋಕರ್. 1897ರಲ್ಲಿ 'ಡ್ರಾಕುಲಾ' ಬರೆದವನು!

(ಡ್ರಾಕುಲಾನ ನಿಯಮ ಗೊತ್ತಲ್ಲ? ಮನೆಯವರು ಒಮ್ಮೆ ಕರೆಯದೆ ಒಳಗೆ ಬರುವಂತಿಲ್ಲ. 90ರ ದಶಕದಲ್ಲಿ ನಮ್ಮ ಕಡೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದದ್ದನ್ನು ಅಮ್ಮ ಹೇಳುತ್ತಿದ್ದಳು. ದೆವ್ವ ಓದಿಕೊಂಡು ವಾಪಸು ಹೋಗುತ್ತಿತ್ತಂತೆ. ಎರಡೂ ಕಡೆಯ ದೆವ್ವಗಳು ಮರ್ಯಾದಸ್ಥರು. ನಮ್ಮದು ಸಾಕ್ಷರ ಕೂಡ.)

ಲಿನ್ಸೇ ಸ್ಯಾಂಡ್ಸ್‌ಗೆ ಮರಳುವೆ. ಆಕೆಯ ಪಿಶಾಚಿಗಳಿಗೆ ಶಾಪ ಗೀಪ ಏನಿಲ್ಲ. ಅಟ್ಲಾಂಟಿಸ್ ನಗರದ ವಿಜ್ಞಾನಿಗಳು ಗಾಯ ವಾಸಿ ಮಾಡಲು ದೇಹಕ್ಕೆ ಬಿಟ್ಟ ನ್ಯಾನೋ ಯಂತ್ರಗಳ ಕರಾಮತ್ತು ಅದು. ರಿಪೇರಿ ಮುಗಿದ ಮೇಲೆ ಅವು ತಾವಾಗಿ ನಾಶವಾಗಬೇಕಿತ್ತು. ಆದರೆ ದೇಹ ಅಂದಮೇಲೆ ದಿನಾ ಏನಾದರೊಂದು ರಿಪೇರಿ ಇದ್ದೇ ಇರುತ್ತದೆ, ಹಾಗಾಗಿ ಅವು ಕೆಲಸ ನಿಲ್ಲಿಸೋದೇ ಇಲ್ಲ, ಇಂಧನಕ್ಕೆ ರಕ್ತ ಬೇಕು. ಅಂದರೆ ಮುಗಿಯುವ ಷರತ್ತನ್ನು ಸರಿಯಾಗಿ ಬರೆಯದ ಒಂದು ಲೂಪ್! ಯಾರೋ ಕೋಡ್ ರಿವ್ಯೂ ಮಾಡದೆ ಅಪ್ರೂವ್ ಮಾಡಿದ್ದಾರೆ. ರಾತ್ರಿ ಎರಡಕ್ಕೆ ಇಂಥದ್ದೇ ಒಂದು ಲೂಪಿನ ಹಿಂದೆ ಬಿದ್ದು ಹಲ್ಲು ಕಡಿದ ನನಗೆ ಆ ಪುಟ ಓದುವಾಗ ಕಣ್ಣಲ್ಲಿ ನೀರು ಬಂತು. ಇನ್ನು ಈ ಪಿಶಾಚಿಗಳ ತಾಯಿ ಮಾರ್ಗರೀಟ್. ನೂರಾರು ವರ್ಷ ವಯಸ್ಸಾದ ಮಕ್ಕಳಿಗೆ ಇನ್ನೂ ಮದುವೆ ಆಗಿಲ್ಲ ಅನ್ನೋದೇ ಅವಳ ಕೊರಗು. ಸಂಬಂಧ ಹುಡುಕೋದೇ ಅವಳ ಕಸುಬು. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಈಗ ಬೇಜಾರಿನ ಸಂಗತಿ. ಲೂಸರ್ನ್ ಹೋದ ಆ ಜಾತ್ರೆ ಈಗಿಲ್ಲ. 'ರೊಮ್ಯಾಂಟಿಕ್ ಟೈಮ್ಸ್' ಪತ್ರಿಕೆ ಮತ್ತು ಅದರ ಸಮಾವೇಶ 2018ರಲ್ಲಿ ನಿಂತುಹೋದವು. ಗ್ಯಾರೇಜಿನಲ್ಲಿ ಹುಟ್ಟಿದ ಬುಕ್‌ಎಕ್ಸ್‌ಪೋ, 2019ರ ನಂತರ ಜನ ಸೇರಿ ನಡೆಯಲಿಲ್ಲ, 2020ರ ಡಿಸೆಂಬರಿನಲ್ಲಿ ಕೈಬಿಟ್ಟೆವು ಅಂತ ನಡೆಸುತ್ತಿದ್ದವರು ಘೋಷಿಸಿದರು. ಲೂಸರ್ನನ ಕಥೆಯನ್ನು ಮೊದಲು ಅಚ್ಚು ಹಾಕಿದ ಡಾರ್ಚೆಸ್ಟರ್ ಪ್ರಕಾಶನವೂ 2012ರ ಹೊತ್ತಿಗೆ ಮುಚ್ಚಿತ್ತು.

ರೊಮ್ಯಾನ್ಸ್ ಲೇಖಕಿಯರ ಸಂಘದ ಕಥೆ ಇನ್ನೂ ನೋವಿನದು. 1980ರಲ್ಲಿ ಹ್ಯೂಸ್ಟನ್ನಿನಲ್ಲಿ ಅದನ್ನು ಕಟ್ಟಿದವರಲ್ಲಿ ಮುಖ್ಯರು ವಿವಿಯನ್ ಸ್ಟೀಫನ್ಸ್ ಎಂಬ ಕಪ್ಪು ಸಂಪಾದಕಿ. ಹಾಗಿದ್ದೂ ಆ ಸಂಘದ ದೊಡ್ಡ ಪ್ರಶಸ್ತಿಯಾದ 'ರೀಟಾ' ಕಪ್ಪು ಲೇಖಕಿಯರಿಗೆ ಮೊದಲು ಸಿಕ್ಕಿದ್ದು 2019ರಲ್ಲಿ! ಅದೇ ವರ್ಷದ ಕೊನೆಗೆ, ಒಂದು ಪುಸ್ತಕದಲ್ಲಿ ಜನಾಂಗದ್ವೇಷ ಇದೆ ಅಂದದ್ದಕ್ಕೆ ಕೋರ್ಟ್ನಿ ಮಿಲನ್ ಎಂಬ ಲೇಖಕಿಯ ಮೇಲೆ ಸಂಘ ಕ್ರಮ ಕೈಗೊಂಡಿತು. ರಾಜೀನಾಮೆಗಳ ಸುರಿಮಳೆ ಆಯಿತು, ಪ್ರಕಾಶಕರು ಸಮ್ಮೇಳನದಿಂದ ದೂರ ಸರಿದರು. ಆಮೇಲೆ ಪ್ರಶಸ್ತಿಗೆ ವಿವಿಯನ್ ಹೆಸರಿಟ್ಟರು, ಆದರೆ ಹೋದವರು ಬರಲಿಲ್ಲ. ಸುಮಾರು 10,000 ಇದ್ದ ಸದಸ್ಯರು ಸುಮಾರು 2,000ಕ್ಕೆ ಇಳಿದು, 2024ರ ಮೇ ತಿಂಗಳಲ್ಲಿ ಸಂಘ ದಿವಾಳಿ ಅರ್ಜಿ ಹಾಕಿತು. ಹೊರಗಿನವರು ನಮ್ಮನ್ನು ಕೀಳಾಗಿ ನೋಡುತ್ತಾರೆ ಅಂತ ಒಟ್ಟು ಸೇರಿದವರು, ತಮ್ಮೊಳಗೇ ಕೆಲವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಕೊರೋನಾ ಮೇಲೆ, ಇಂಟರ್ನೆಟ್ಟಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸೋದು ಸುಲಭ, ನಾನು ಒಪ್ಪಲಾರೆ.

ಕೀಳಾಗಿ ನೋಡೋದು ಅಂದಾಗ ನನ್ನದೇ ಒಂದು ತಪ್ಪೊಪ್ಪಿಗೆ ಇದೆ. ನಮ್ಮಮ್ಮ ಬಾಡಿಗೆ ಲೈಬ್ರರಿಯಿಂದ ಕಾದಂಬರಿ ತಂದು ಓದುತ್ತಿದ್ದಳು. ಮಧ್ಯಾಹ್ನ ಪಾತ್ರೆ ಬೆಳಗಿಟ್ಟು ಬಾಗಿಲ ಹತ್ತಿರ ಬೆಳಕಿಗೆ ಕೂತರೆ ಸಂಜೆ ಕಾಫಿ ಹೊತ್ತಿನವರೆಗೆ ಯಾರು ಕರೆದರೂ ಓಗೊಡುತ್ತಿರಲಿಲ್ಲ. "ಏನಮ್ಮಾ, ಅದೇ ಹುಡುಗ ಅದೇ ಹುಡುಗಿ, ಕೊನೆಗೆ ಮದುವೆ. ಟೈಮ್ ವೇಸ್ಟು" ಅಂತ ಹೈಸ್ಕೂಲಿನಲ್ಲಿದ್ದಾಗ ದೊಡ್ಡ ಮನುಷ್ಯನ ಹಾಗೆ ಹೇಳಿದ್ದೆ. ಅವಳು ಏನೂ ಅನ್ನಲಿಲ್ಲ. ನಾನು ಮನೆಯಲ್ಲಿರುವಾಗ ಓದುವುದನ್ನು ಕಡಿಮೆ ಮಾಡಿದಳು ಅನ್ನೋದು ನನಗೆ ಹೊಳೆದದ್ದು ಬಹಳ ಆಮೇಲೆ. ಸಿಲ್ಕ್ ಬೋರ್ಡಿನ ಬಸ್ಸಿನಲ್ಲಿ ಮುಖಪುಟಕ್ಕೆ ಕಾಗದ ಸುತ್ತಿ ಕೂತಾಗ ಅದು ಮತ್ತೆ ನೆನಪಾಯಿತು.

ಕಳೆದ ಭಾನುವಾರ ಫೋನಿನಲ್ಲಿ ಅಮ್ಮನಿಗೆ ಈ ಕಥೆ ಪೂರ್ತಿ ಹೇಳಿದೆ. ಶತಮಾನಗಳ ಹಳೇ ಪಿಶಾಚಿ, ಅವನ ಕಾದಂಬರಿ, ಹೆಣ್ಣು ಹುಡುಕುವ ತಾಯಿ, ಟೋಪಿ ಹಾಕುವ ಸಂಪಾದಕಿ, ಪುಸ್ತಕದ ಜಾತ್ರೆ, ಎಲ್ಲ. ನಡುನಡುವೆ ನಕ್ಕಳು. ರಕ್ತ ಕುಡಿಯೋದು ಅಂದಾಗ ಮಾತ್ರ "ಥೂ" ಅಂದಳು. ಬಾಟಲಿ, ಪ್ಯಾಕೆಟ್ಟಿನಲ್ಲಿ ಬರುತ್ತಮ್ಮಾ, ಈಗೆಲ್ಲ ಯಾರನ್ನೂ ಕಚ್ಚಲ್ಲ ಅಂದೆ. "ನಂದಿನಿ ಹಾಲಿನ ಥರಾನಾ?" ಅಂದಳು. ಹೌದು ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಮತ್ತೆ, ಕೊನೆಗೆ ಮದುವೆ ಆಯ್ತೇನೋ ಅವರಿಬ್ಬರಿಗೆ?"

ಹೇಳಲಿಲ್ಲ. ಪುಸ್ತಕ ತಂದುಕೊಡ್ತೀನಿ, ನಾನೇ ಓದಿ ಹೇಳ್ತೀನಿ ಅಂದಿದ್ದೀನಿ. ಈ ಶನಿವಾರ ಊರಿಗೆ ಬಸ್ಸು ಬುಕ್ ಮಾಡಿದ್ದಾಯ್ತು.